ಶ್ರುತಿ ತಪ್ಪಿದ ಸಹೋದರನು

ದೇವರನ್ನು ವಾದ್ಯಗಳೊಡನೆ ಕೊಂಡಾಡಬೇಕೆಂಬ ವಿಷಯದಲ್ಲಿ ನಮ್ಮ ವಾಚಕರಲ್ಲಿ ಯಾರಿಗೂ ಸಂದೇಹವಿರಲಾರದು. ಕೀರ್ತನೆಗಳ ಗ್ರಂಥದ ಕಡೆಯ ಅಧ್ಯಾಯವು ತುತೂರಿ, ದಮ್ಮಡಿ, ತಂತಿವಾದ್ಯ, ಕೊಳಲು, ತಾಳ ಇವೆಲ್ಲವನ್ನೂ ಒಂದೊಂದಾಗಿ ಹೆಸರಿಟ್ಟು ಕರೆಯುತ್ತದೆ. ಆದರೆ ಬಾರಿಸುವವನು ತಪ್ಪಾಗಿ ಬಾರಿಸುತ್ತಿದ್ದರೆ ಏನು ಮಾಡತಕ್ಕದ್ದು? ಅವನು ಪ್ರೀತಿಯಿಂದ ಬಾರಿಸುತ್ತಾನೆ, ಕೂಲಿ ಕೇಳುವದಿಲ್ಲ, ಒಂದು ದಿವಸವಾದರೂ ತಪ್ಪಿಸಿಕೊಳ್ಳುವದಿಲ್ಲ, ಆದರೂ ಅವನ ತಂತಿಯು ಉಳಿದವರ ತಂತಿಗಳೊಡನೆ ಕೂಡುವದಿಲ್ಲ. ಅವನನ್ನು ಮೇಳದಲ್ಲಿ ಇಟ್ಟುಕೊಳ್ಳುವದು ಧರ್ಮವೋ, ಬಿಡಿಸುವದು ಧರ್ಮವೋ? ಇದು ಸಣ್ಣ ಪ್ರಶ್ನೆಯೆಂದು ಕೆಲವರು ನಗಬಹುದು. ನಾವೂ ನಕ್ಕಿದ್ದೆವು. ಆದರೆ ಈ ಸಣ್ಣ ಪ್ರಶ್ನೆಯ ನಿಮಿತ್ತ ನಾವು ಸುಳ್ಳಾಡಿದೆವು, ಒಬ್ಬ ಮುದುಕನನ್ನು ನೋಯಿಸಿದೆವು. ಆದಕಾರಣ ಅದನ್ನು ಇಲ್ಲಿ ವಿಚಾರಿಸುವದು ಯುಕ್ತವೆಂದು ಕಂಡಿತು.

ದುಬಲಗುಂಡಿಯ ಸುತ್ತಲಿನ ಹಳ್ಳಿಗಳವರಾದ ನಾವು ಎಂಟು ಮಂದಿ ಶನಿವಾರ ರಾತ್ರಿ ಊಟವಾದ ಮೇಲೆ ಒಂದು ಮನೆಯ ಪಡಸಾಲೆಯಲ್ಲಿ ಕೂಡುತ್ತೇವೆ. ಈ ಮೇಳಕ್ಕೆ ಹೆಸರಿಲ್ಲ, ಅಧ್ಯಕ್ಷರಿಲ್ಲ, ಚಂದಾ ಇಲ್ಲ. ನಮ್ಮಲ್ಲಿ ಒಬ್ಬನು ಗೌಂಡಿ, ಒಬ್ಬನು ಶಾಲೆಯ ಮಾಸ್ತರನು, ಒಬ್ಬನು ಹುಮನಾಬಾದಿನಲ್ಲಿ ಮೋಟಾರು ಸೈಕಲುಗಳನ್ನು ರಿಪೇರಿ ಮಾಡುವವನು. ಉಳಿದವರು ಹೊಲದಲ್ಲಿ ದುಡಿಯುವವರು. ತೊಗರಿಯ ರಾಶಿಯ ಕಾಲದಲ್ಲಿ ಮೂವರು ಬಂದರೂ ಹೆಚ್ಚು. ವಾದ್ಯಗಳಾದರೋ ಮೂರು ಏಕತಾರಿ, ಒಂದು ನಾಲ್ಕು ತಂತಿಯ ತಂಬೂರಿ, ಎರಡು ಪಿಟೀಲು. ಇವುಗಳ ಸಂಗಡ ಒಂದು ಡೋಲಕ್ಕು, ಒಂದು ಜೊತೆ ತಾಳ. ಹಾರ್ಮೋನಿಯಂ ಪೆಟ್ಟಿಗೆಯನ್ನು ನಾವು ಬೇಕೆಂತಲೇ ಹೊರಗಿಟ್ಟಿದ್ದೇವೆ, ಯಾಕಂದರೆ ಅದರ ಗಟ್ಟಿ ದನಿಯ ಕೆಳಗೆ ತಂತಿಗಳ ದನಿ ಅಡಗಿಹೋಗುವದು. ಇದರಲ್ಲಿ ನಾವು ಒಬ್ಬಂಟಿಗರಲ್ಲ. ಅದರ ಸ್ವರಗಳು ಕದಲದೆ ನಿಂತಲ್ಲೇ ನಿಲ್ಲುವವು, ನಮ್ಮ ರಾಗಗಳ ಜಾರುನಡೆ ಅದರಲ್ಲಿ ಬಾರದು ಎಂಬ ಆಕ್ಷೇಪದಿಂದ ಆಕಾಶವಾಣಿಯವರು 1940ರಿಂದ 1971ರ ತನಕ ಅದನ್ನು ದೂರವಿಟ್ಟಿದ್ದರು. ಪಿಟೀಲು ಪರದೇಶದ ವಾದ್ಯವಲ್ಲವೇ, ಅದನ್ನು ಹೇಗೆ ಸೇರಿಸಿದಿರೆಂದು ಒಬ್ಬರು ಕೇಳಿದರು. ಮುತ್ತುಸ್ವಾಮಿ ದೀಕ್ಷಿತರ ತಮ್ಮಂದಿರಾದ ಬಾಲುಸ್ವಾಮಿ ದೀಕ್ಷಿತರು (1786–1858) ಅದನ್ನು ಐರೋಪ್ಯರಿಂದ ಕಲಿತು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿ ಇನ್ನೂರು ವರುಷಗಳಾದವು. ಇಷ್ಟು ಕಾಲ ಮನೆಯಲ್ಲಿದ್ದ ಅತಿಥಿಯನ್ನು ಪರದೇಶಿ ಅನ್ನಬಾರದು.

ಕೂಲಿಯಿಲ್ಲದೆ ಸ್ನೇಹಕ್ಕಾಗಿ ಕೂಡಿ ನುಡಿಸುವದು ಎಲ್ಲಾ ದೇಶಗಳಲ್ಲಿಯೂ ಉಂಟು. ಯೂರೋಪು, ಅಮೇರಿಕ ದೇಶಗಳ ಪಟ್ಟಣಗಳಲ್ಲಿ ವೈದ್ಯರು, ಉಪಾಧ್ಯಾಯರು, ಗುಮಾಸ್ತರು ಸಾಯಂಕಾಲ ಕೆಲಸ ತೀರಿದ ಮೇಲೆ ಕೂಡಿ, ಬಿಲ್ಲಿನಿಂದ ನುಡಿಸುವ ತಂತಿವಾದ್ಯಗಳ ಮೇಳಗಳನ್ನು ನಡಿಸುತ್ತಾರೆ. ಅದರಲ್ಲಿ ಮೊದಲನೆಯ ಪಿಟೀಲಿನವರು, ಎರಡನೆಯ ಪಿಟೀಲಿನವರು, ಅದಕ್ಕಿಂತ ತುಸು ದೊಡ್ಡದಾದ ವಯೋಲದವರು, ಮೊಳಕಾಲುಗಳ ನಡುವೆ ನಿಲ್ಲಿಸಿ ನುಡಿಸುವ ಚೆಲ್ಲೋದವರು, ಆಳೆತ್ತರದ ಡಬಲ್ ಬಾಸಿನವರು ಎಂದು ಐದು ಪಾಲುಗಳಿರುತ್ತವೆ. ರಾಗವು ಬಹುತರವಾಗಿ ಮೊದಲನೆಯ ಪಿಟೀಲಿನವರಿಗೇ ಬರುವದು. ಎರಡನೆಯವರು ಅದರ ಕೆಳಗೆ ನಡೆಯುವರು. ಕೇಳುವವರಿಗೆ ಅವರು ಇದ್ದಾರೆಂಬದು ತಿಳಿಯುವದಿಲ್ಲ, ನಿಂತರೆ ಮಾತ್ರ ಏನೋ ಬರಿದಾಯಿತೆಂದು ತಿಳಿಯುವದು. ನಮ್ಮ ಸೀಮೆಯಲ್ಲಿಯಾದರೋ ದಿನವಿಡೀ ದುಡಿದವರು ರಾತ್ರಿ ಏಕತಾರಿ, ದಮ್ಮಡಿ, ತಾಳಗಳನ್ನು ಹಿಡಿದು ತತ್ವಪದಗಳನ್ನು ಹಾಡುವ ರೂಢಿಯು ಬಹು ಹಳೆಯದು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಲ್ಲಿದ್ದ ಶರಣರೊಳಗೆ ಕಿನ್ನರಿ ಬೊಮ್ಮಯ್ಯನೆಂಬವನು ಅಕ್ಕಸಾಲೆಯ ಕಸಬನ್ನು ಬಿಟ್ಟು ಕಿನ್ನರಿ ನುಡಿಸುವದನ್ನೇ ಕಾಯಕ ಮಾಡಿಕೊಂಡನೆಂದು ಹೇಳುತ್ತಾರೆ. ನಮ್ಮ ಕನ್ನಡ ಬೈಬಲಿನಲ್ಲಿ ದಾವೀದನ ಕೈಯಲ್ಲಿರುವದೂ ಕಿನ್ನರಿಯೇ. ಭಾಷಾಂತರ ಮಾಡಿದವರು ದೂರದ ಹೆಸರನ್ನು ಹುಡುಕದೆ ನಮ್ಮ ಜನರ ಕೈಯಲ್ಲಿದ್ದ ವಾದ್ಯದ ಹೆಸರನ್ನೇ ಕೊಟ್ಟದ್ದು ಒಳ್ಳೇದಾಯಿತು.

ಈಗ ತಂತಿಯ ಗುಣವನ್ನು ಸ್ವಲ್ಪ ಹೇಳಬೇಕು. ಅದು ತಿಳಿಯದಿದ್ದರೆ ಮುಂದಿನ ಮಾತು ತಿಳಿಯದು. ತಂಬೂರಿಯ ನಾಲ್ಕು ತಂತಿಗಳಲ್ಲಿ ಸಾಧಾರಣವಾಗಿ ಮೊದಲನೆಯದನ್ನು ಪಂಚಮಕ್ಕೂ, ನಡುವಿನ ಎರಡನ್ನು ಷಡ್ಜಕ್ಕೂ, ಕಡೆಯದನ್ನು ಮಂದ್ರ ಷಡ್ಜಕ್ಕೂ ಕೂಡಿಸುತ್ತಾರೆ. ನಡುವಿನ ಎರಡು ತಂತಿಗಳು ಸರಿಸಮವಾಗಿರಬೇಕು. ಒಂದು ತಂತಿಯು ಸೆಕೆಂಡಿಗೆ 140 ಸಾರಿಯೂ ಇನ್ನೊಂದು 142 ಸಾರಿಯೂ ಕಂಪಿಸಿದರೆ, ಸೆಕೆಂಡಿಗೆ ಎರಡು ಸಾರಿ ದನಿಯು ಉಬ್ಬಿ ಇಳಿಯುವದು. ಬಂಡಿಯ ಗಾಲಿಯು ಅಚ್ಚಿನಲ್ಲಿ ಸಡಿಲವಾದಾಗ ಓಲಾಡುವಂತೆ ಅದು ಓಲಾಡುವದು. ಬಿರಡೆಯನ್ನು ಮೆಲ್ಲಗೆ ತಿರುವಿ, ಮಣಿಯನ್ನು ಸರಿಸಿ ಆ ಓಲಾಟವನ್ನು ನಿಲ್ಲಿಸುವದಕ್ಕೇ ಶ್ರುತಿ ಮಾಡುವದೆಂದು ಹೆಸರು. ಇದರಲ್ಲಿ ವಿಚಿತ್ರವೇನಂದರೆ, ಆ ಎರಡು ತಂತಿಗಳಲ್ಲಿ ಯಾವದೊಂದನ್ನು ಪ್ರತ್ಯೇಕವಾಗಿ ಮೀಟಿದರೂ ಅದರಲ್ಲಿ ತಪ್ಪು ಕಾಣುವದಿಲ್ಲ. 140 ಸರಿ, 142ಸಹ ಸರಿ. ಎರಡನ್ನೂ ಕೂಡಿ ಮೀಟಿದಾಗಲೇ ತಪ್ಪು ಹುಟ್ಟುವದು. ಒಬ್ಬನೇ ಕೂತು ನುಡಿಸುವವನಿಗೆ ಶ್ರುತಿ ತಪ್ಪಿತೆಂಬದು ಅಷ್ಟಾಗಿ ಇಲ್ಲವೆಂದೇ ಹೇಳಬೇಕು. ಅದು ಸಹವಾಸದಲ್ಲಿ ಹುಟ್ಟುವ ತಪ್ಪು. ಇದಲ್ಲದೆ ಮಳೆಗಾಲದಲ್ಲಿ ಕಟ್ಟಿಗೆಯು ಉಬ್ಬುವದು, ನಮ್ಮ ಕೆಂಪು ಕಲ್ಲಿನ ಸೀಮೆಯ ಬೇಸಿಗೆಯಲ್ಲಿ ಸೊರಗುವದು. ಸಾಯಂಕಾಲ ಕೂಡಿಸಿದ ತಂತಿಯು ನಡುರಾತ್ರಿಗೆ ಸಡಿಲುವದು. ಆದದರಿಂದ ಶ್ರುತಿಯನ್ನು ಒಂದು ಸಾರಿ ಮಾಡಿ ಬಿಡುವ ಹಾಗಿಲ್ಲ; ಕಿವಿ ಎಚ್ಚರವಾಗಿದ್ದು ಮತ್ತೆ ಮತ್ತೆ ಮಾಡಬೇಕು.

ನಮ್ಮ ತಂಬೂರಿಯು ಮಿರಜಿನದು. ಆ ಊರಿನಲ್ಲಿ ತಂಬೂರಿ ಮಾಡುವ ಮನೆತನದವರು ಪೂರ್ವದಲ್ಲಿ ಕತ್ತಿ ಮಸೆಯುವ ಶಿಕಲಗಾರರಾಗಿದ್ದರು. ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಕತ್ತಿಗಳಿಗೆ ಗಿರಾಕಿ ಕಡಿಮೆಯಾದಾಗ ಫರೀದಸಾಹೇಬ ಎಂಬವರು ಸೋರೆಬುರುಡೆಗಳಿಂದ ವಾದ್ಯಗಳನ್ನು ಮಾಡಲಾರಂಭಿಸಿದರು. ಆ ಬುರುಡೆಗಳು ಪಂಢರಪುರದ ಕಡೆಯ ಹೊಲಗಳಲ್ಲಿ ಬೆಳೆಯುವವು. ಮಿರಜಿನ ಸಿತಾರಿಗೂ ತಂಬೂರಿಗೂ 2024ರಲ್ಲಿ ಸರಕಾರದಿಂದ ಭೌಗೋಳಿಕ ಗುರುತು ದೊರಕಿತು. ಕತ್ತಿಗಳು ಗುಳಗಳಾಗುವವೆಂದು ಯೆಶಾಯನು ಕಂಡ ದರ್ಶನವು ಎರಡನೆಯ ಅಧ್ಯಾಯದಲ್ಲಿದೆಯಷ್ಟೆ. ಅವು ತಂಬೂರಿಗಳಾದದ್ದನ್ನು ನಾವು ಮಡಿಲಲ್ಲಿ ಇಟ್ಟುಕೊಂಡು ಕೂಡುತ್ತೇವೆ.

ನಾವು ಹೇಳಬೇಕೆಂದಿರುವ ಮುದುಕನಿಗೆ ಎಪ್ಪತ್ತೈದು ದಾಟಿದೆ. ಮೇಳದವರೆಲ್ಲರೂ ಅವನನ್ನು ಮುತ್ಯಾ ಎಂದು ಕರೆಯುವರು. ಅವನು ಏಕತಾರಿ ಹಿಡಿದ ಕಥೆಯನ್ನು ಹೇಳದೆ ಮುಂದೆ ಹೋಗುವದು ನ್ಯಾಯವಲ್ಲ. ನಮ್ಮ ಹಿರಿಯರಲ್ಲಿ ಬಹು ಮಂದಿಗೆ ವಾದ್ಯವೆಂಬದು ಹಲಗೆಯಾಗಿತ್ತು. ದೊಡ್ಡವರ ಮನೆಯಲ್ಲಿ ಮದುವೆಯಾದರೂ ಮರಣವಾದರೂ ಜಾತ್ರೆಯಾದರೂ ಕರೆ ಬರುತ್ತಿತ್ತು. ಒಲ್ಲೆ ಅನ್ನುವ ಹಾಗಿರಲಿಲ್ಲ. ಬಿಸಿಲಲ್ಲಿ ನಿಂತು ಬಾರಿಸಿ, ಉಳಿದ ಅನ್ನವನ್ನು ಅಂಗಳದ ಆಚೆ ಕೂತು ಉಣ್ಣಬೇಕಾಗಿತ್ತು. ಸುವಾರ್ತೆಯು ಬಂದಾಗ ಅನೇಕ ಕುಟುಂಬಗಳವರು ಹಲಗೆಯನ್ನು ಗೋಡೆಯಿಂದ ಇಳಿಸಿ ಬಿಟ್ಟರು. ಅದರ ದನಿಯನ್ನು ದ್ವೇಷಿಸಿ ಬಿಟ್ಟದ್ದಲ್ಲ, ಅಪ್ಪಣೆಯನ್ನು ದ್ವೇಷಿಸಿ ಬಿಟ್ಟದ್ದು. ಆ ದನಿಯಾದರೋ ಅವರ ಕೈಬೆರಳುಗಳಲ್ಲಿ ಉಳಿದೇ ಇತ್ತು. ಮುತ್ಯಾನು ಹುಡುಗನಾಗಿದ್ದಾಗ ತಂದೆಯ ಹಲಗೆಯನ್ನು ಬೆಂಕಿಗೆ ಕಾಯಿಸಿ ಬಿಗಿಮಾಡುವ ಕೆಲಸ ಅವನದಾಗಿತ್ತಂತೆ. ತಂದೆಯು ಅದನ್ನು ಬಿಟ್ಟ ಮೇಲೆ ಆ ಮನೆಯಲ್ಲಿ ಐವತ್ತು ವರುಷ ಯಾವ ವಾದ್ಯವೂ ಇರಲಿಲ್ಲ. ಬಳಿಕ ಒಂದು ದಿನ ಮುತ್ಯಾನು ತನ್ನ ದುಡ್ಡಿನಿಂದ, ಯಾರೂ ಹೇಳದೆ, ಯಾರೂ ಕರೆಯದೆ, ಒಂದು ಏಕತಾರಿಯನ್ನು ಕೊಂಡು ತಂದನು. ಹವ್ಯಾಸಕ್ಕಾಗಿ ನುಡಿಸುವದೆಂದು ಪಟ್ಟಣದವರು ಹಗುರವಾಗಿ ಹೇಳುವ ಮಾತಿಗೆ ನಮ್ಮಲ್ಲಿ ಎಷ್ಟು ಭಾರವಿದೆ ಎಂಬದನ್ನು ವಾಚಕರು ಇದರಿಂದ ತಿಳುಕೊಳ್ಳಲಿ. ಬೇಕಾದರೆ ಬಾರಿಸುವದು, ಬೇಡವಾದರೆ ಬಿಡುವದು, ಇದು ನಮ್ಮ ತಾತಂದಿರಿಗೆ ಇರದ ಐಶ್ವರ್ಯ.

ಮೂರು ವರುಷಗಳಿಂದ ಮುತ್ಯಾನ ಕಿವಿ ಮಂದವಾಗುತ್ತಾ ಬಂತು. ಮುಪ್ಪಿನಲ್ಲಿ ಕಿವಿಯು ಮೊದಲು ಕಳಕೊಳ್ಳುವದು ಎತ್ತರದ ಸಣ್ಣ ದನಿಗಳನ್ನು. ಅವನ ಏಕತಾರಿಯ ತಂತಿಯು ಸಣ್ಣದು. ಅದು ಸಡಿಲಿದರೆ ಅವನಿಗೆ ತಿಳಿಯದು. ತಾಳದಲ್ಲಿಯೂ ಹಿಂದೆ ಬೀಳುವನು. ನಾವು ಒಬ್ಬರನ್ನೊಬ್ಬರು ನೋಡಿ ಮುಗುಳುನಗುತ್ತಿದ್ದೆವು, ಅಷ್ಟೇ.

ಹುಮನಾಬಾದಿನ ಹತ್ತಿರದ ಮಾಣಿಕನಗರದಲ್ಲಿ, ಮಾಣಿಕಪ್ರಭುಗಳ (1817–1865) ಸಂಸ್ಥಾನದಲ್ಲಿ, ಮಾರ್ಗಶಿರ ಮಾಸದ ದತ್ತ ಜಯಂತಿಗೆ ಸಂಗೀತ ದರಬಾರು ನಡೆಯುವದು ನಮ್ಮ ಸೀಮೆಯವರೆಲ್ಲರಿಗೂ ಗೊತ್ತು. ದೂರದ ಊರುಗಳಿಂದ ಹೆಸರಾದ ಗಾಯಕರು ಬರುವರು. ನಮ್ಮ ಮೇಳದ ಇಬ್ಬರು ತರುಣರು ಅಲ್ಲಿಗೆ ಹೋಗಿ ರಾತ್ರಿಯೆಲ್ಲಾ ಕೇಳಿ ಬಂದರು. ಬಂದವರ ಮುಖವು ಬೇರೆಯಾಗಿತ್ತು. ಅಲ್ಲಿ ತಂಬೂರಿಯ ದನಿಯು ಒಂದು ನೂಲಿನಷ್ಟೂ ಕದಲಲಿಲ್ಲ, ನಾವು ಕ್ರಿಸ್ಮಸಿನಲ್ಲಿ ದೇವರ ಸನ್ನಿಧಿಗೆ ಇದನ್ನೇ ತಕ್ಕೊಂಡು ಹೋಗುವದೋ ಎಂದು ಕೇಳಿದರು. ಈ ಪ್ರಶ್ನೆಯಲ್ಲಿ ತಪ್ಪಿರಲಿಲ್ಲ. ಒಳ್ಳೇದನ್ನು ಕೇಳಿದ ಕಿವಿಗೆ ಕೆಟ್ಟದ್ದು ನೋಯುವದು ಸಹಜವೇ. ಆದರೆ ಅವರು ಕಂಡ ಉಪಾಯವು ತಪ್ಪಾಗಿತ್ತು. ಮೂರು ಶನಿವಾರ ಅವರು ಮುತ್ಯಾನಿಗೆ, ಈ ವಾರ ಕೂಡುವದಿಲ್ಲ ಎಂದು ಹೇಳಿಕಳುಹಿಸಿದರು; ಕೂಡುವ ಮನೆಯನ್ನೂ ಬದಲಿಸಿದರು. ಹಿರಿಯರಾದ ನಮಗೆ ಅದು ಗೊತ್ತಿತ್ತು. ನಾವು ಹೇಳಿಕಳುಹಿಸಲಿಲ್ಲ, ಆದರೆ ಬೇಡವೆನ್ನಲೂ ಇಲ್ಲ. ಆ ಮೂರು ರಾತ್ರಿ ಮೇಳವು ಚೆನ್ನಾಗಿ ಕೂಡಿಬಂದದ್ದಕ್ಕೆ ಮನಸ್ಸಿನಲ್ಲಿ ಸಂತೋಷವನ್ನೂ ಪಟ್ಟೆವು.

ಕ್ರಿಸ್ಮಸಿನ ಬೆಳಿಗ್ಗೆ ಮುತ್ಯಾನು ಏಕತಾರಿಗೆ ಎಣ್ಣೆ ಸವರಿ, ಹೊಸ ತಂತಿ ಬಿಗಿದು ತಂದಿದ್ದನು. ಸ್ಥಳವು ಸಾಲದು, ಈ ಸಾರಿ ಕೂತು ಕೇಳು ಎಂದು ಒಬ್ಬನು ಅವನ ಕಿವಿಯ ಹತ್ತಿರ ಕೂಗಿ ಹೇಳಿದನು. ಸ್ಥಳವು ಸಾಕಷ್ಟಿತ್ತು. ಅವನು ಜನರ ನಡುವೆ ಏಕತಾರಿಯನ್ನು ಮಡಿಲಲ್ಲಿ ಮಲಗಿಸಿಕೊಂಡು ಕೂತನು. ಆರಾಧನೆಯು ಮುಗಿದ ಮೇಲೆ ನಮ್ಮ ಬಳಿಗೆ ಬಂದು, "ಛಂದ ಆತು ತಮ್ಮಾ, ಛಂದ ಆತು" ಎಂದು ಹೇಳಿ ಹೊರಟುಹೋದನು. ಅಂದಿನಿಂದ ಅವನು ಮೇಳಕ್ಕೆ ಬರಲಿಲ್ಲ, ನಾವೂ ಕರೆಯಲಿಲ್ಲ.

ಈಗ ವಿಚಾರಕ್ಕೆ ಬರೋಣ. ಅವನನ್ನು ಬಿಡಿಸಿದ್ದು ಸರಿಯೆಂದು ಹೇಳುವವರಿಗೆ ವೇದದ ಆಧಾರವು ಇಲ್ಲದಿಲ್ಲ. ಕುಂಟಾದ ಕುರುಡಾದ ಪಶುವನ್ನು ಯಜ್ಞವೇದಿಗೆ ತಂದವರನ್ನು ಮಲಾಕಿಯನು ಗದರಿಸುತ್ತಾನೆ. ಅಧಿಪತಿಗೆ ಕೊಡಲು ನಾಚುವದನ್ನು ದೇವರಿಗೆ ಕೊಡಬಹುದೋ ಎಂಬದು ಅವನ ಮಾತಿನ ತಾತ್ಪರ್ಯ. ದಾವೀದನು ಮಂಜೂಷವನ್ನು ತರಿಸುವಾಗ ಗಾನದ ಮೇಲ್ವಿಚಾರಣೆಯನ್ನು ಕೆನನ್ಯನಿಗೆ ಕೊಟ್ಟದ್ದು ಅವನು ಅದರಲ್ಲಿ ನಿಪುಣನಾಗಿದ್ದದರಿಂದಲೇ. ಪೌಲನೂ ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 14ನೆಯ ಅಧ್ಯಾಯದಲ್ಲಿ, ಕೊಳಲಾಗಲಿ ಕಿನ್ನರಿಯಾಗಲಿ ಸ್ವರಗಳನ್ನು ಬೇರೆಬೇರೆಯಾಗಿ ತೋರಿಸದಿದ್ದರೆ ಏನು ನುಡಿಸಿದರೆಂಬದು ತಿಳಿಯದೆಂದು ಹೇಳುತ್ತಾನೆ. ಹೃದಯವು ಸರಿಯಾಗಿದ್ದರೆ ಸಾಕು, ದನಿಯು ಹೇಗಿದ್ದರೇನು ಎಂದು ನಮ್ಮಲ್ಲಿ ಕೆಲವರು ಭಕ್ತಿಯಿಂದ ಹೇಳುವದುಂಟು. ಇದು ಸಾಲದು. ನಿನ್ನ ಹೃದಯವನ್ನು ದೇವರು ಕೇಳುವನು, ನಿನ್ನ ಪಕ್ಕದವನಾದರೋ ನಿನ್ನ ತಂತಿಯನ್ನೇ ಕೇಳಬೇಕು. ಸಭೆಯಲ್ಲಿ ವಾದ್ಯವಿರುವದು ಜನರು ಕೂತು ಮೆಚ್ಚುವದಕ್ಕಲ್ಲ, ಅವರು ಹಾಡುವದಕ್ಕೆ ಆಸರೆಯಾಗಿರಲಿಕ್ಕೆ. ಏಕತಾರಿಯು ಶ್ರುತಿ ಬಿಟ್ಟು ತಾಳದ ಹಿಂದೆ ಎಳೆದರೆ ಮೊದಲು ಬಾಯಿ ಮುಚ್ಚುವವರು ಯಾರು? ಹಿಂದೆ ಕೂತ ಹೆಂಗಸರು, ಮಕ್ಕಳು, ಅಕ್ಷರ ಬಾರದೆ ಕಿವಿಯಿಂದಲೇ ಹಾಡು ಕಲಿತವರು. ಒಬ್ಬನ ಮೇಲೆ ತೋರಿಸಿದ ದಯೆಯು ಇಪ್ಪತ್ತು ಮಂದಿಯ ಬಾಯನ್ನು ಕಟ್ಟಿದರೆ ಅದನ್ನು ದಯೆಯೆಂದು ಹೇಗೆ ಅನ್ನೋಣ?

ಅವನನ್ನು ಇಟ್ಟುಕೊಳ್ಳಬೇಕಾಗಿತ್ತೆಂದು ಹೇಳುವವರು ವಿಧವೆಯ ಎರಡು ಕಾಸುಗಳನ್ನು ನೆನಪಿಗೆ ತರುವರು. ಆ ದೃಷ್ಟಾಂತವನ್ನು ನಾವು ಬಹಳ ಹೊತ್ತು ಯೋಚಿಸಿದೆವು. ವಿಧವೆಯ ಕಾಸು ಚಿಕ್ಕದಾಗಿತ್ತು, ಆದರೆ ಖೋಟಾ ಕಾಸಾಗಿರಲಿಲ್ಲ. ಕೊಂಚ ಬಾರಿಸಬಲ್ಲವನು ಆ ಕೊಂಚವನ್ನೇ ಸರಿಯಾಗಿ ಬಾರಿಸಿದರೆ ಅದು ವಿಧವೆಯ ಕಾಸು. ತಪ್ಪಾಗಿ ಬಾರಿಸುವದು ಬೇರೆ ಸಂಗತಿ. ಇಲ್ಲಿಯ ತನಕ ತರುಣರ ಪಕ್ಷವೇ ಗೆದ್ದಂತೆ ಕಾಣುವದು. ಆದರೆ ಆ ದೃಷ್ಟಾಂತವನ್ನು ಇನ್ನೂ ಒಂದು ಹೆಜ್ಜೆ ನಡಿಸಿ ನೋಡಿರಿ. ಒಬ್ಬ ಬಡವನ ಕೈಯಲ್ಲಿ ಖೋಟಾ ರೂಪಾಯಿ ಇದೆ; ಅವನಿಗೆ ಅದು ತಿಳಿಯದು. ನಿಮಗೆ ತಿಳಿದಿದೆ. ಅವನು ಪ್ರತಿ ವಾರ ಅದನ್ನು ಹಿಡಿದು ಸಂತೋಷದಿಂದ ಸಂತೆಗೆ ಹೋಗುವದನ್ನು ಮೂರು ವರುಷ ನೋಡುತ್ತಾ ನೀವು ಸುಮ್ಮನಿದ್ದೀರಿ. ಕಡೆಗೆ ಒಂದು ದಿನ, ಇಂದು ಸಂತೆಯಿಲ್ಲವೆಂದು ಹೇಳಿ ಅವನನ್ನು ಹಿಂದಕ್ಕೆ ಕಳುಹಿಸುತ್ತೀರಿ. ಇವುಗಳಲ್ಲಿ ದೊಡ್ಡ ಅಪರಾಧವು ಯಾವದು?

ತರುಣರ ಸುಳ್ಳು ಮೂರು ವಾರದ್ದು, ನಮ್ಮ ಮೌನವು ಮೂರು ವರುಷದ್ದು. ಆ ಮೌನಕ್ಕೆ ನಾವು ಪ್ರೀತಿಯೆಂದು ಹೆಸರಿಟ್ಟಿದ್ದೆವು. ನಿಜವನ್ನು ಹೇಳಬೇಕಾದರೆ ಅದು ಸೋಮಾರಿತನವಾಗಿತ್ತು. ಸೋಮಾರಿತನಕ್ಕಿಂತಲೂ ಕೆಟ್ಟದ್ದು ಅದರಲ್ಲಿ ಬೆರೆತಿತ್ತು. ಯಾರ ಮಾತಿನಿಂದ ಇನ್ನೂ ಏನಾದರೂ ಆಗಬಹುದೆಂದು ನಂಬುತ್ತೇವೋ ಅವರ ತಪ್ಪನ್ನು ಅವರಿಗೆ ಹೇಳುತ್ತೇವೆ. ಹೇಳದೆ ಮುಗುಳುನಕ್ಕು ಬಿಟ್ಟವನನ್ನು ಮನಸ್ಸಿನೊಳಗೆ ಆಗಲೇ ಲೆಕ್ಕದಿಂದ ತೆಗೆದುಬಿಟ್ಟಿರುತ್ತೇವೆ. ಪಿಟೀಲಿನ ತರುಣನು ತಪ್ಪಿದರೆ ಆ ಕ್ಷಣವೇ ನಿಲ್ಲಿಸಿ ಗದರಿಸುತ್ತಿದ್ದೆವು. ಮುತ್ಯಾನನ್ನು ಒಂದು ದಿನವೂ ನಿಲ್ಲಿಸಲಿಲ್ಲ. ಹಾಗಾದರೆ ಆ ಮೂರು ವರುಷ ಅವನು ನಮ್ಮ ಮೇಳದಲ್ಲಿ ಇದ್ದನೋ? ಕೂತಿದ್ದನು, ಇರಲಿಲ್ಲ. ಸತ್ಯವನ್ನು ಪ್ರೀತಿಯಿಂದ ಮಾತಾಡಬೇಕೆಂದು ಎಫೆಸದವರಿಗೆ ಪೌಲನು ಬರೆದಾಗ ಇವೆರಡೂ ಒಂದೇ ತಂತಿಯ ಮೇಲೆ ಇರತಕ್ಕವುಗಳೆಂಬದು ಅವನಿಗೆ ಗೊತ್ತಿತ್ತು. ನಾವು ಒಂದನ್ನು ಸಡಿಲಬಿಟ್ಟು ಮತ್ತೊಂದನ್ನು ಬಿಗಿಮಾಡುತ್ತೇವೆಂದು ಹೊರಟಿದ್ದೆವು.

ಪೂರ್ವಕಾಲವೃತ್ತಾಂತದ ಮೊದಲನೆಯ ಪುಸ್ತಕದ 25ನೆಯ ಅಧ್ಯಾಯವನ್ನು ಹೆಸರುಗಳ ಪಟ್ಟಿಯೆಂದು ನಾವು ಬೇಗ ದಾಟಿಬಿಡುತ್ತೇವೆ. ಆಸಾಫ, ಹೇಮಾನ, ಯೆದೂತೂನ ಇವರ ಸಂತತಿಯವರಲ್ಲಿ ಕಿನ್ನರಿ, ಸ್ವರಮಂಡಲ, ತಾಳಗಳೊಡನೆ ಸೇವೆಮಾಡಲು ನೇಮಿಸಲ್ಪಟ್ಟವರ ಲೆಕ್ಕವು ಅಲ್ಲಿದೆ. ಒಟ್ಟು 288 ಮಂದಿ, 12 ಮಂದಿಯ 24 ವರ್ಗಗಳು. ಅವರೆಲ್ಲರೂ ಕಲಿತವರೆಂದು ಸ್ಪಷ್ಟವಾಗಿ ಬರೆದಿದೆ. ನಿಪುಣತೆಯನ್ನು ದೇವರ ಆಲಯವು ಹಗುರವಾಗಿ ಎಣಿಸಲಿಲ್ಲ. ಆದರೆ ಸರದಿಯನ್ನು ಗೊತ್ತುಮಾಡುವಾಗ ದೊಡ್ಡವನು ಚಿಕ್ಕವನು, ಗುರು ಶಿಷ್ಯ ಎಂಬ ಭೇದವಿಲ್ಲದೆ ಎಲ್ಲರಿಗೂ ಸಮವಾಗಿ ಚೀಟು ಹಾಕಿದರು. ಕಲಿಯುವದು ಬೇಕು, ಕಲಿತ ಮೇಲೆ ನಾನು ಹೆಚ್ಚು ಕಲಿತವನೆಂದು ಮುಂದೆ ನಿಲ್ಲುವದು ಬೇಡ. ಇಲ್ಲಿ ನಮಗೆ ಅತ್ಯಾಶ್ಚರ್ಯವಾಗಿ ತೋರುವದೇನಂದರೆ, ಆ ಲೆಕ್ಕದಲ್ಲಿ ಶಿಷ್ಯರೂ ಇದ್ದಾರೆ. ಶಿಷ್ಯನಿದ್ದಲ್ಲಿ ತಪ್ಪು ಇರಲೇಬೇಕು, ತಿದ್ದುವವನೂ ಇರಲೇಬೇಕು.

ಜಾನ್ ವೆಸ್ಲಿಯವರು 1761ರಲ್ಲಿ ಅಚ್ಚು ಹಾಕಿಸಿದ ಗೀತೆಗಳ ಪುಸ್ತಕದಲ್ಲಿ ಹಾಡುವವರಿಗೆ ಏಳು ಸೂಚನೆಗಳನ್ನು ಕೊಟ್ಟಿದ್ದಾರೆ. ಆಯಾಸವಾದರೂ ಕಷ್ಟವೆನಿಸಿದರೂ ಎಲ್ಲರೂ ಹಾಡಬೇಕು. ಉಳಿದವರ ದನಿಯ ಮೇಲೆ ತನ್ನ ದನಿ ಕೇಳುವಂತೆ ಕೂಗಬಾರದು. ತಾಳಕ್ಕಿಂತ ಮುಂದೆ ಓಡಬಾರದು, ಹಿಂದೆಯೂ ಉಳಿಯಬಾರದು. ಎಲ್ಲಕ್ಕಿಂತ ಹೆಚ್ಚಾಗಿ ದೇವರ ಮೇಲೆ ಲಕ್ಷ್ಯವಿಡಬೇಕು ಎಂಬದು ಅವುಗಳ ಸಾರ. ಎಲ್ಲರೂ ಹಾಡಬೇಕೆಂಬ ಮಾತೂ ತಾಳ ತಪ್ಪಬಾರದೆಂಬ ಮಾತೂ ಒಂದೇ ಪುಟದಲ್ಲಿವೆ. ಅವರಿಗೆ ಇವೆರಡರ ನಡುವೆ ಜಗಳವು ಕಾಣಲಿಲ್ಲ. ಜಗಳವು ಕಾಣುವದು ಕಲಿಸುವ ಶ್ರಮವನ್ನು ಬಿಟ್ಟವರಿಗೆ.

ಸಂಕ್ರಾಂತಿಯ ಮೇಲೆ, ತೊಗರಿಯ ರಾಶಿ ತೀರಿದ ತರುವಾಯ, ನಾವು ಇಬ್ಬರು ಮುತ್ಯಾನ ಮನೆಗೆ ಹೋದೆವು. ಅವನು ಹೊಸ್ತಿಲ ಬಳಿ ಕೂತು ಹಗ್ಗ ಹೊಸೆಯುತ್ತಿದ್ದನು. ಮೂರು ವಾರದ ಸಂಗತಿಯನ್ನೂ ಮೂರು ವರುಷದ ಸಂಗತಿಯನ್ನೂ ಮುಚ್ಚುಮರೆಯಿಲ್ಲದೆ, ಗಟ್ಟಿಯಾಗಿ, ಬೀದಿಗೆ ಕೇಳುವಂತೆ ಹೇಳಬೇಕಾಯಿತು; ಮೆಲ್ಲಗೆ ಹೇಳಿದರೆ ಅವನಿಗೆ ಕೇಳಿಸದು. ಅವನು ಬಹಳ ಹೊತ್ತು ಹಗ್ಗವನ್ನೇ ನೋಡುತ್ತಿದ್ದನು. ಆಮೇಲೆ, "ಮೂರು ವರ್ಷ ನಾ ತಪ್ಪು ಬಾರಿಸೀನಿ, ಒಬ್ಬರೂ ಹೇಳಲಿಲ್ಲಲ್ಲಪಾ. ನಾ ಏನ್ ಕೂಸು ಇದ್ದೇನು?" ಅಂದನು. ಸುಳ್ಳಿನ ವಿಷಯದಲ್ಲಿ ಅವನು ಒಂದು ಮಾತನ್ನೂ ಆಡಲಿಲ್ಲ. ಕ್ಷಮಿಸಿದೆನೆಂದೂ ಹೇಳಲಿಲ್ಲ, ಹೇಳೆಂದು ಒತ್ತಾಯಪಡಿಸುವ ಅಧಿಕಾರವು ನಮಗಿರಲಿಲ್ಲ. ಚಹಾ ಕುಡಿಸಿ ಕಳುಹಿಸಿದನು. ಬಳಿಕ ಮೂರು ಶನಿವಾರ ಅವನು ಬರಲಿಲ್ಲ. ನಮ್ಮ ಮೂರು ವಾರಕ್ಕೆ ಅವನ ಮೂರು ವಾರವೆಂದು ಮಾಸ್ತರನು ಹೇಳಿದನು. ಅದು ತಮಾಷೆಯಾಗಿತ್ತೋ ಏನೋ, ಯಾರೂ ನಗಲಿಲ್ಲ.

ನಾಲ್ಕನೆಯ ಶನಿವಾರ ಬಂದನು. ಏಕತಾರಿಯನ್ನು ತಾನೇ ಮಾಸ್ತರನ ಕೈಯಲ್ಲಿ ಕೊಟ್ಟು ತಂಬೂರಿಯನ್ನು ಕೇಳಿದನು. ಇದನ್ನು ಅವನಿಗೆ ಹೇಳಿಕೊಟ್ಟವರು ಯಾರೂ ಇಲ್ಲ. ಕಾಯಿಸಿದ ಹಲಗೆಯ ನಡುಕವನ್ನು ಎದೆಗೆ ಹಿಡಿದು ತಿಳಿದಿದ್ದ ಮಗನಿಗೆ ಅದು ತಾನಾಗಿಯೇ ಹೊಳೆಯಿತೆಂದು ನಾವು ಎಣಿಸುತ್ತೇವೆ. ತಂಬೂರಿಯನ್ನು ನೆಟ್ಟಗೆ ನಿಲ್ಲಿಸಿ ಅದರ ದಂಡಿಗೆ ಕಿವಿಯ ಹಿಂದಿನ ಎಲುಬು ತಾಗುವಂತೆ ಒರಗಿದರೆ, ಕಿವಿಯು ಕೇಳದ ದನಿಯೂ ಎಲುಬಿನ ಮೂಲಕ ಒಳಗೆ ಹೋಗುವದು. ಇದಲ್ಲದೆ ತಂಬೂರಿಯ ಮೀಟು ತಾಳಕ್ಕೆ ಕಟ್ಟುಬಿದ್ದದ್ದಲ್ಲ; ನಾಲ್ಕು ತಂತಿಗಳನ್ನು ಒಂದೇ ಸಮನೆ, ನಿಧಾನವಾಗಿ, ಕಡಿಯದಂತೆ ಮೀಟುತ್ತಿದ್ದರೆ ಸಾಕು. ಅವನು ಹಿಂದೆ ಬಿದ್ದರೂ ಯಾರೂ ಹಿಂದೆ ಬೀಳುವದಿಲ್ಲ. ಶ್ರುತಿಯನ್ನು ಮಾತ್ರ ಬೇರೆಯವನು ಮಾಡಿಕೊಡಬೇಕು. ಅದಕ್ಕೆ ಮುತ್ಯಾನು ನಮ್ಮಲ್ಲಿ ಅತಿ ಕಿರಿಯನನ್ನು ಆರಿಸಿಕೊಂಡನು. ಮೂರು ವಾರ ಹೇಳಿಕಳುಹಿಸಿದವರಲ್ಲಿ ಅವನೊಬ್ಬನು. ಮುತ್ಯಾನಿಗೆ ಅದು ಗೊತ್ತಿತ್ತೋ ಇಲ್ಲವೋ ನಾವು ಕೇಳಲಿಲ್ಲ. ತಂಬೂರಿಯನ್ನು ಬಿಟ್ಟುಕೊಟ್ಟ ಮಾಸ್ತರನಿಗೆ ಸ್ವಲ್ಪ ಮನಸ್ಸು ಕುಗ್ಗಿತು. ಆ ವಾದ್ಯವನ್ನು ಅವನು ಬಹಳ ಪ್ರೀತಿಸುತ್ತಿದ್ದನು.

ಎಲ್ಲಾ ಮೇಳಗಳಲ್ಲಿಯೂ ಇಂಥ ಒಂದು ತಂಬೂರಿ ಸಿಕ್ಕುವದಿಲ್ಲವೆಂಬದನ್ನು ನಾವು ಬಲ್ಲೆವು. ಎಷ್ಟು ಕಲಿಸಿದರೂ ಬಾರದವನು ಇರುವನು. ಅವನಿಗೆ ಮುಖಾಮುಖಿಯಾಗಿ ಹೇಳಿ, ಹಾಡಿಸುವ ಕೆಲಸವನ್ನೋ ಮಕ್ಕಳಿಗೆ ಪದಗಳನ್ನು ಬಾಯಿಪಾಠ ಮಾಡಿಸುವ ಕೆಲಸವನ್ನೋ ಕೊಡಬೇಕಾದೀತು. ಅವನು ಸಿಟ್ಟಾಗಿ ಬಿಟ್ಟುಹೋದರೂ ಹೋದಾನು. ಆ ದುಃಖವನ್ನು ತಪ್ಪಿಸುವ ಉಪಾಯವು ನಮಗೆ ಗೊತ್ತಿಲ್ಲ. ಈಗ ಬೆಂಗಳೂರಿನ ಕಡೆಯಿಂದ ವಿದ್ಯುತ್ ತಂಬೂರಿ ಎಂಬ ಚಿಕ್ಕ ಪೆಟ್ಟಿಗೆಗಳು ಬರುತ್ತವೆ, ಮೊಬೈಲಿನಲ್ಲಿಯೂ ಅದೇ ದನಿಯು ದೊರೆಯುವದು. ಅದು ಎಂದಿಗೂ ಸಡಿಲದು, ಮಳೆಗಾಲದಲ್ಲಿ ಉಬ್ಬದು. ಅದೊಂದಿದ್ದರೆ ಯಾರ ಗೊಡವೆಯೂ ಇಲ್ಲವಲ್ಲಾ ಎಂದು ರಿಪೇರಿಯವನು ಹೇಳಿದನು. ಗೊಡವೆಯಿಲ್ಲವೆಂಬದು ನಿಜವೇ. ಗೊಡವೆಯಿಲ್ಲದಿರುವದೇ ಬೇಕಾಗಿದ್ದರೆ ನಾವು ಶನಿವಾರ ರಾತ್ರಿ ಮನೆಯಲ್ಲೇ ಮಲಗಬಹುದಾಗಿತ್ತು.

ನಮ್ಮಲ್ಲಿ ಒಬ್ಬ ಪಿಟೀಲುಗಾರನಿದ್ದಾನೆ. ಅವನ ಕಿವಿ ಚುರುಕು, ಕೈ ಮೆದು; ನಮ್ಮೆಲ್ಲರಿಗಿಂತ ಅವನು ಮೇಲು. ಆದರೆ ಸಾಧನೆಗೆ ತಿಂಗಳಿಗೊಮ್ಮೆ ಬರುವನು, ಹಬ್ಬದ ದಿನ ಮಾತ್ರ ಎಲ್ಲರಿಗಿಂತ ಮುಂಚೆ ಬಂದು ಕೂಡುವನು. ಅವನ ಸ್ವರವು ಒಂದೂ ತಪ್ಪುವದಿಲ್ಲ. ನಮ್ಮ ನಡಿಗೆಯೇ ಅವನಿಗೆ ಗೊತ್ತಿಲ್ಲದದರಿಂದ ನಾವು ಅವನ ಹಿಂದೆ ಏದುತ್ತಾ ಓಡಬೇಕಾಗುವದು. ಮುತ್ಯಾನ ವಿಷಯದಲ್ಲಿ ಇಷ್ಟು ತರ್ಕಮಾಡಿದ ನಾವು ಇವನ ವಿಷಯದಲ್ಲಿ ಈ ವರೆಗೂ ಬಾಯಿ ತೆರೆದಿಲ್ಲ, ಯಾಕಂದರೆ ಅವನು ಹೋದರೆ ಮೇಳದ ಹೆಸರು ಹೋಗುವದೆಂಬ ಭಯ. ಈ ಭಯವು ಯಾವ ಜಾತಿಯದೆಂದು ಇನ್ನೂ ವಿಚಾರಿಸುತ್ತಿದ್ದೇವೆ. ಬರುವ ಶನಿವಾರ ಅವನಿಗೆ ಹೇಳಬೇಕೆಂದು ಗೊತ್ತಾಗಿದೆ. ಹೇಳುವವರು ಯಾರೆಂಬದು ಮಾತ್ರ ಇನ್ನೂ ಗೊತ್ತಾಗಿಲ್ಲ. ತಂಬೂರಿಯ ಪಂಚಮದ ತಂತಿಯೂ ಕಡಿದಿದೆ. ಅದು ಹುಮನಾಬಾದಿನಲ್ಲಿ ಸಿಕ್ಕದಿದ್ದರೆ ಕಲಬುರಗಿಗೆ ಹೋಗುವವರ ಕೈಯಲ್ಲಿ ತರಿಸಬೇಕಾಗಿದೆ.